ಇಂದು ಪಾಸ್ಟರ್, ನಾಳೆ ಕಡುಬು

ಮೆಕ್ಸಿಕೊದ ಪುಯೆಬ್ಲಾ ಊರಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ಏಳೂವರೆಗೆ ಬೀದಿಯಲ್ಲಿ ಗಂಟೆ ಬಾರಿಸಿತು. ಢಣ್ ಢಣ್ ಅಂತ ಬಿಡದೆ. ನಾನು ಮಂಗಳೂರಿನ ಬಲ್ಮಠದ ಕಡೆಯವಳು. ಗಂಟೆ ಕೇಳಿದರೆ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ. ಬೆಳಗಿನ ಪ್ರಾರ್ಥನೆ ಇರಬೇಕು, ಮೊದಲ ವಾರವೇ ತಪ್ಪಿಸಿಕೊಂಡರೆ ಜನ ಎಂತ ಹೇಳಿಯಾರು ಎಂದು ಇವರನ್ನು ಎಬ್ಬಿಸಿ, ಮಗಳಿಗೆ ಜಡೆ ಹಾಕಿ, ಮಗನ ಮೋರೆಗೆ ನೀರು ಹಚ್ಚಿ, ನಾಲ್ಕೂ ಜನ ಬೈಬಲ್ ಹಿಡಿದು ಗೇಟಿನ ಹೊರಗೆ ನಿಂತೆವು. ಬೀದಿಯಲ್ಲಿ ಜನ ಸೇರಿದ್ದು ನಿಜ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಪ್ಪು ಚೀಲ. ಗಂಟೆ ಬಾರಿಸುವವ ಮುಂದೆ, ಅವನ ಹಿಂದೆ ಕಸದ ಲಾರಿ. ಲಾರಿಯ ಮೇಲಿದ್ದ ಹುಡುಗ ನಮ್ಮೆದುರು ಬಂದಾಗ ಬೈಬಲಿಗೆ ಕೈ ಚಾಚಿದ.

ಇವರು ಬೈಬಲನ್ನು ಎದೆಗೊತ್ತಿಕೊಂಡ ರೀತಿ ನೋಡಿಯೇ ಬೀದಿಗೆಲ್ಲ ನಾವು ಯಾರೆಂದು ಗೊತ್ತಾಯಿತು. ಬೇರೆ ಪರಿಚಯ ಬೇಕಾಗಲಿಲ್ಲ.

ನಾವು ಬಂದದ್ದು ಇಲ್ಲಿಯ ಒಂದು ಸಣ್ಣ ಕ್ರೈಸ್ತ ಸಭೆಯ ಕೆಲಸಕ್ಕೆ, ಇವರು ಅದರ ಪಾಸ್ಟರು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದ ಕಥೆ ಕೇಳುತ್ತಲೇ ಬೆಳೆದ ಮನೆ ನಮ್ಮದು. ಇವರಿಗಂತೂ ಹೊರಡುವ ಮೊದಲು ಬಾಯಿ ತೆರೆದರೆ ಕಿಟೆಲ್ ಸಾಹೇಬರು. "ಜರ್ಮನಿಯಿಂದ ಬಂದ ಮನುಷ್ಯ 70 ಸಾವಿರ ಶಬ್ದದ ಕನ್ನಡ ನಿಘಂಟು ಮಾಡಿದರು, ನಮ್ಮ ಮಂಗಳೂರಿನ ಪ್ರೆಸ್ಸಿನಲ್ಲೇ ಅಚ್ಚಾಯಿತು. ಸ್ಪ್ಯಾನಿಷ್ ಎಂತ ದೊಡ್ಡ ವಿಷಯ ಮಾರಾಯ್ತಿ?" ಕಿಟೆಲ್ ಬಂದದ್ದು 1853ರಲ್ಲಿ, ನಿಘಂಟು ಹೊರಬಂದದ್ದು 1894ರಲ್ಲಿ ಎಂಬ ಲೆಕ್ಕವನ್ನು ನಾನು ಆಗ ಎತ್ತಲಿಲ್ಲ. ನಮ್ಮ ವಾಸದ ಕಾರ್ಡು ಒಂದು ವರ್ಷದ್ದು.

ಪುಸ್ತಕ ನೋಡಿ ಇವರು ಕಲಿತ ಮೊದಲ ಪದ ನಮಸ್ಕಾರದ್ದು. ಇಂಗ್ಲಿಷ್ ಅಕ್ಷರದಲ್ಲಿ ಇದ್ದ ಹಾಗೆಯೇ ಓದಿದರು: "ಹೊಲ." ಒಂದು ವಾರ ಕಂಡಕಂಡವರಿಗೆಲ್ಲ "ಹೊಲ, ಹೊಲ" ಎಂದು ಕೈಮುಗಿದರು, ಗದ್ದೆ ತೋರಿಸಲು ಬಂದ ಬ್ರೋಕರಿನ ಹಾಗೆ. ಕೊನೆಗೆ ಏಳು ವರ್ಷದ ಮಗ ತಿದ್ದಿದ. "ಅಪ್ಪಾ, ಅದು ಓಲಾ. ಇಲ್ಲಿ ಹ ಬರೀತಾರೆ, ಹೇಳೂದಿಲ್ಲ." ನಮ್ಮ ಶಾಲೆಯಲ್ಲಿ ಹಾಲು ಆಲಾದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಇಲ್ಲಿ ದೇಶಕ್ಕೆ ದೇಶವೇ ಹ ನುಂಗುತ್ತದೆ. ಅದು ಸಾಲದೆಂದು ಜ ಬರೆದಿರುವಲ್ಲಿ ಹ ಅನ್ನುತ್ತದೆ. ಯಾರ ಕಿವಿ ಹಿಂಡುವುದು?

ಈ ನುಂಗಿದ ಹಕಾರವೇ ಮುಂದೆ ಇವರ ಕುತ್ತಿಗೆಗೆ ಬಂತು. ಮೆಕ್ಸಿಕೊದಲ್ಲಿ 'ಇಂದಿಯೊ' ಅಂದರೆ ಅಲ್ಲಿನ ಮೂಲನಿವಾಸಿಗಳು, ಅದೂ ಸ್ವಲ್ಪ ಹಗುರದ ಮಾತು. ಹಾಗಾಗಿ ಭಾರತದಿಂದ ಬಂದವರನ್ನು, ಜಾತಿ ಮತ ಯಾವುದೇ ಇರಲಿ, 'ಹಿಂದೂ' ಅನ್ನುವುದು ರೂಢಿ. ಹ ಹೋದಮೇಲೆ ಉಳಿಯುವುದು ಇಂದೂ. ಮೊದಲ ಭಾನುವಾರ ಸಭೆಯ ಹಿರಿಯರು ಇವರ ಹೆಗಲ ಮೇಲೆ ಕೈಯಿಟ್ಟು "ಎಲ್ ಪಾಸ್ತೋರ್ ಇಂದೂ!" ಎಂದು ಘೋಷಿಸಿದರು. ಇವರು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು, "ಇಂದು ನಾನು. ನಾಳೆ ಯಾರಂತೆ?"

ವಿಷಯ ತಿಳಿದ ಮೇಲೆ ಇವರು ಸಭೆಯ ಒಬ್ಬೊಬ್ಬರನ್ನೂ ನಿಲ್ಲಿಸಿ ನಾವು ಕ್ರೈಸ್ತರು, ತಲೆಮಾರುಗಳಿಂದ ಕ್ರೈಸ್ತರು ಎಂದು ವಿವರಿಸಿದರು. ಎಲ್ಲರೂ ಶ್ರದ್ಧೆಯಿಂದ ಕೇಳಿ, "ಸೀ, ಸೀ, ಕ್ರಿಸ್ತಿಯಾನೊ ಇಂದೂ" ಎಂದು ತಲೆಯಾಡಿಸಿದರು. ಮಗಳು ಇದನ್ನು ಫೋನಿನಲ್ಲಿ ಅಜ್ಜಿಗೆ ಒಪ್ಪಿಸಿದಳು. ನಮಗೂ ಊರಿಗೂ ಹನ್ನೊಂದೂವರೆ ಗಂಟೆಯ ಅಂತರ, ಅತ್ತೆ ಆಗಷ್ಟೇ ರಾತ್ರಿಯ ಊಟಕ್ಕೆ ಕೂತಿದ್ದರು. "ಹಿಂದೂ ಪಾಸ್ಟರಾ? ಅಷ್ಟು ದೂರ ಹೋಗಿ ಎಂತ ಆಯ್ತಾ ನಿನ್ನ ಅಪ್ಪನಿಗೆ? ಅವಳಿಗೆ ಕೊಡು ಫೋನು!"

ಅಂಗಡಿಯಲ್ಲಿ ನನ್ನ ಸರದಿ. ಅಕ್ಕಿಯ ಸ್ಪ್ಯಾನಿಷ್ ಹೆಸರನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದವಳಿಗೆ ಮೆಟ್ಟಿಲು ಹತ್ತುವಾಗ ಮರೆತೇಹೋಯಿತು. ಗಾಬರಿಯಲ್ಲಿ ಮೇಜಿನ ಮೇಲೆ ಬೆರಳಿಟ್ಟು "ಅಕ್ಕಿ, ಅಕ್ಕಿ" ಎಂದೆ. ಅಂಗಡಿಯವ ತಲೆಯಾಡಿಸಿ, ನಾನು ಆಗಲೇ ಆರಿಸಿಟ್ಟಿದ್ದ ನೀರುಳ್ಳಿಯನ್ನು ಬೆರಳಿದ್ದ ಜಾಗಕ್ಕೆ ಸರಿಸಿದ. "ಅಕ್ಕಿ!" ಎಂದೆ ಜೋರಾಗಿ. ಟೊಮೆಟೊ ಬಂತು. ಇನ್ನೂ ಜೋರಾಗಿ ಹೇಳಿದಾಗ ಹಿಂದೆ ನಿಂತಿದ್ದ ಅಜ್ಜಿ ತನ್ನ ಬುಟ್ಟಿಯನ್ನೂ ಹೆದರಿಕೊಂಡು ಅಲ್ಲೇ ಇಟ್ಟಳು. ಅವರ ಭಾಷೆಯಲ್ಲಿ 'ಅಕಿ' ಎಂದರೆ 'ಇಲ್ಲಿ'. ಮೇಜು ಅಂದಿದ್ದರೆ ಅರ್ಥವಾಗುತ್ತಿತ್ತೋ ಏನೋ, ಅವರದು ಮೆಸಾ. ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಬಿಟ್ಟುಹೋದ ಮೇಜು, ಪಾದ್ರಿ, ಇಗರ್ಜಿಗಳ ದಾಯಾದಿಗಳೆಲ್ಲ ಇಲ್ಲಿ ಸ್ವಲ್ಪ ವೇಷ ಬದಲಿಸಿ ಓಡಾಡಿಕೊಂಡಿದ್ದಾರೆ.

ಪಾದ್ರಿ ಅಂದಾಗ ನೆನಪಾಯಿತು. ಇಲ್ಲಿಯವರಿಗೆ ಏನಾದರೂ ಭಾರಿ ಇಷ್ಟವಾದರೆ "ಕೆ ಪಾದ್ರೆ!" ಅನ್ನುತ್ತಾರೆ. ಹೊಸ ಬೂಟು ಕಂಡರೂ ಅದೇ, ಗೋಲು ಹೊಡೆದರೂ ಅದೇ. ಇವರು ಮೊದಲ ತಿಂಗಳು ಬಸ್ಸಿನಲ್ಲಿ, ಸಂತೆಯಲ್ಲಿ, ಆ ಮಾತು ಕೇಳಿದಾಗಲೆಲ್ಲ ತಿರುಗಿ, ವಿನಯದಿಂದ ನಕ್ಕು, ತಲೆಬಾಗಿಸುತ್ತಿದ್ದರು. "ನೋಡು, ಜನರಿಗೆ ಎಷ್ಟು ಗೌರವ!"

ಮೂರು ತಿಂಗಳಿಗೆ ಇವರು ಸ್ಪ್ಯಾನಿಷಿನಲ್ಲಿ ಮೊದಲ ಪ್ರಸಂಗ ಮಾಡಿದರು. ಪಾಪಕ್ಕೆ 'ಪೆಕಾದೊ', ಮೀನಿಗೆ 'ಪೆಸ್ಕಾದೊ'. ನಡುವೆ ಇರುವುದು ಒಂದೇ ಒಂದು ಸಕಾರ. ಬಂಗುಡೆ ಕಾಣದೆ ತೊಂಬತ್ತು ದಿನ ಕಳೆದ ಮಂಗಳೂರಿನವನಿಗೆ ನಾಲಿಗೆ ಯಾವ ಕಡೆ ಜಾರೀತು? "ನಿಮ್ಮ ಮೀನುಗಳನ್ನು ಮುಚ್ಚಿಡಬೇಡಿ! ಮೀನು ಎಷ್ಟೇ ದೊಡ್ಡದಿರಲಿ, ದೇವರು ಕ್ಷಮಿಸುತ್ತಾನೆ! ನಾನೂ ಮೀನುಗಳಲ್ಲೇ ಹುಟ್ಟಿದವ!" ಕೊನೆಯ ವಾಕ್ಯ ಮಾತ್ರ ಸುಳ್ಳಲ್ಲ, ಇವರ ಮನೆ ಬಂದರಿನ ಹತ್ತಿರವೇ. ಸಭೆ ಒಬ್ಬರೂ ನಗದೆ ಕೂತಿತ್ತು. ಹೊರಗೆ ಬರುವಾಗ ಒಬ್ಬ ಹೆಂಗಸು ನನ್ನ ಕೈಹಿಡಿದು ಬಹಳ ಮರ್ಯಾದೆಯಿಂದ, ಶುಕ್ರವಾರ ಸಂತೆಗೆ ವೆರಾಕ್ರೂಸಿನಿಂದ ತಾಜಾ ಮೀನು ಬರುತ್ತದೆ ಎಂದು ತಿಳಿಸಿದಳು.

ಗ್ಯಾಸಿನ ವಿಚಾರ ಹೆಚ್ಚು ಹೇಳುವುದಿಲ್ಲ. ಇಲ್ಲಿ ಗ್ಯಾಸ್ ಟ್ಯಾಂಕು ಮನೆಯ ತಾರಸಿಯ ಮೇಲೆ, ತುಂಬಿಸಲು ಲಾರಿ ಬರಬೇಕು. ಫೋನು ಮಾಡಿದರೆ "ಅಓರಿತಾ" ಅನ್ನುತ್ತಾರೆ. 'ಈಗ' ಎಂಬುದಕ್ಕೆ ಮುದ್ದು ಮಾಡಿ ಇಟ್ಟ ಹೆಸರು ಅದು. ಐದು ನಿಮಿಷವೂ ಆದೀತು, ಐದು ದಿನವೂ ಆದೀತು. ಒಂದು ಕಾಲದಲ್ಲಿ ನಮ್ಮ ಕಡೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿಟ್ಟು ದೆವ್ವವನ್ನು ದಿನಾ ವಾಪಸು ಕಳಿಸುತ್ತಿದ್ದರಲ್ಲ, ಆ ದೆವ್ವದ ಕಷ್ಟ ಏನೆಂದು ನಾಲ್ಕು ದಿನ ತಣ್ಣೀರು ಮಿಂದಾಗ ನನಗೆ ತಿಳಿಯಿತು.

ಗ್ಯಾಸ್ ಬಂದರೂ ಬೇಳೆ ಬೇಯಲಿಲ್ಲ. ಪುಯೆಬ್ಲಾ ಸಮುದ್ರಮಟ್ಟದಿಂದ 2,100 ಮೀಟರಿಗೂ ಎತ್ತರದಲ್ಲಿದೆ, ನೀರು ಸುಮಾರು 93 ಡಿಗ್ರಿಗೇ ಕುದಿದು ಕೈತೊಳೆದುಕೊಳ್ಳುತ್ತದೆ. ಊರಿನಿಂದ ತಂದ ಕುಕ್ಕರನ್ನು ಹೊರತೆಗೆದೆ. ಮೂರನೆಯ ಸೀಟಿಗೆ ಬಾಗಿಲು ಬಡಿದ ಸದ್ದು. ಎದುರು ಮನೆಯ ಹುಡುಗಿ, ಕೈಯಲ್ಲಿ ತಟ್ಟೆ, ಮುಷ್ಟಿಯಲ್ಲಿ ಚಿಲ್ಲರೆ. ಇಲ್ಲಿ ಸಂಜೆ ಹೊತ್ತು ಬೇಯಿಸಿದ ಸಿಹಿಗೆಣಸು ಮಾರುವವನ ಗಾಡಿ ಬರುತ್ತದೆ. ಅದರ ಒಲೆಯ ಕೊಳವೆಯಿಂದ ಥೇಟ್ ಹೀಗೆಯೇ ಹಬೆಯ ಸೀಟಿ. ಅವಳ ಹಿಂದೆ ಇನ್ನಿಬ್ಬರು ನಿಂತಿದ್ದರು. ಅವರ ಕಸದ ಗಂಟೆಗೆ ನಾವು ಬೈಬಲ್ ಹಿಡಿದು ಹೋದೆವು, ನಮ್ಮ ಕುಕ್ಕರಿಗೆ ಅವರು ತಟ್ಟೆ ಹಿಡಿದು ಬಂದರು. ತೊವ್ವೆ ಬಡಿಸಿ ಕಳಿಸಿದೆ.

ಮನೆಯ ಒಡತಿ ಮಾತ್ರ ನಮ್ಮನ್ನು ನೋಡಿ ಆಶ್ಚರ್ಯಪಡಲೇ ಇಲ್ಲ. "ನಿಮ್ಮೂರಿನವಳು ಮೊದಲೇ ಬಂದಿದ್ದಾಳಲ್ಲ" ಎಂದಳು. ಯಾರಪ್ಪಾ ಎಂದು ನೋಡಿದರೆ 1688ರಲ್ಲಿ ತೀರಿಕೊಂಡ ಕತರೀನಾ ದೆ ಸಾನ್ ಹುವಾನ್. ಪೋರ್ಚುಗೀಸ್ ಕಡಲ್ಗಳ್ಳರು ಭಾರತದಿಂದ ಹಿಡಿದು, ಕೊಚ್ಚಿ, ಮನಿಲಾ ದಾಟಿಸಿ, ಗುಲಾಮಳಾಗಿ ಈ ಊರಿಗೆ ಮಾರಿದ ಹುಡುಗಿ. ಇಲ್ಲಿಯ ಜೆಸುಯಿಟರ ಇಗರ್ಜಿಯಲ್ಲಿ ಅವಳ ಸಮಾಧಿ ಇದೆ. ನೋಡಲು ಹೋದ ದಿನ ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಗ್ಯಾಸಿನ ಬಗ್ಗೆ ಗೊಣಗುವುದನ್ನೂ ಒಂದು ವಾರ ನಿಲ್ಲಿಸಿದೆ.

ಆ ಒಡತಿಯೇ ಜನವರಿ 6ರಂದು ಬೀದಿಯವರನ್ನೆಲ್ಲ ಕರೆದಳು. ಜ್ಞಾನಿಗಳು ಶಿಶುಯೇಸುವನ್ನು ನೋಡಲು ಬಂದ ಹಬ್ಬ. ಮೇಜಿನ ಮೇಲೆ ಬಳೆಯ ಆಕಾರದ ದೊಡ್ಡ ಸಿಹಿರೊಟ್ಟಿ, ರೋಸ್ಕಾ. ಒಬ್ಬೊಬ್ಬರೂ ತಮ್ಮ ತುಂಡು ತಾವೇ ಕತ್ತರಿಸಿಕೊಳ್ಳಬೇಕು. ಎಲ್ಲರೂ ಬಾಂಬು ಬಿಚ್ಚುವವರ ಹಾಗೆ ಚೂರಿ ಹಿಡಿದದ್ದು ನೋಡಿಯಾದರೂ ನಮಗೆ ಸಂಶಯ ಬರಬೇಕಿತ್ತು. ಇವರು ದೊಡ್ಡ ತುಂಡು ಕತ್ತರಿಸಿ ಬಾಯಿಗಿಟ್ಟರು. ಕಟಕ್ ಎಂದಿತು. ರೊಟ್ಟಿಯೊಳಗೆ ಪ್ಲಾಸ್ಟಿಕ್ಕಿನ ಪುಟ್ಟ ಮಗು ಅಡಗಿಸಿಟ್ಟಿರುತ್ತಾರೆ, ಶಿಶುಯೇಸುವನ್ನು ಕೊಲ್ಲಿಸಲು ಹುಡುಕುತ್ತಿದ್ದ ಹೆರೋದ ರಾಜನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟ ನೆನಪಿಗೆ. ಹೆರೋದನಿಂದ ಪಾರಾದ ಶಿಶು ನನ್ನ ಗಂಡನ ದವಡೆ ಹಲ್ಲಿಗೆ ಸಿಕ್ಕಿಬಿತ್ತು. ಮನೆಯೆಲ್ಲ ಚಪ್ಪಾಳೆ. ಏನೋ ಬಹುಮಾನ ಬಂತೆಂದು ಇವರೂ ಎದ್ದುನಿಂತು ಕೈಬೀಸಿದರು. ಗೊಂಬೆ ಸಿಕ್ಕಿದವರು ಫೆಬ್ರವರಿ 2ರಂದು ಅಲ್ಲಿದ್ದವರಿಗೆಲ್ಲ ತಮಾಲೆಸ್ ಮಾಡಿ ಬಡಿಸಬೇಕು ಎಂಬುದನ್ನು ಮನೆಗೆ ಬಂದಮೇಲೆ ಮಗಳು ಹೇಳಿದಳು. ಅಲ್ಲಿದ್ದವರು ಮೂವತ್ತೊಂದು ಜನ.

ತಮಾಲೆಸ್ ಎಂದರೆ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿಗೆ ಹಂದಿಕೊಬ್ಬು ಕಲಸಿ, ನಡುವೆ ಮಾಂಸವೋ ಮೆಣಸೋ ಇಟ್ಟು, ಜೋಳದ ಸಿಪ್ಪೆಯಲ್ಲೋ ಬಾಳೆಲೆಯಲ್ಲೋ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಲು ನನಗೆ ಯಾರೂ ಕಲಿಸಬೇಕಾಗಿಲ್ಲ. ಕಡುಬು ಮಾಡುವುದೆಂದು ತೀರ್ಮಾನಿಸಿ, ವರ್ಷಕ್ಕೆಂದು ಸೂಟ್‌ಕೇಸಿನಲ್ಲಿ ತಂದ ಉದ್ದನ್ನೆಲ್ಲ ನೆನೆಹಾಕಿದೆ. ಇಲ್ಲಿಯ ಕರೆಂಟು 127 ವೋಲ್ಟು. ಊರಿನ ಮಿಕ್ಸಿ ಜ್ವರ ಬಂದ ಮುದುಕನ ಹಾಗೆ ನರಳಿ ನಿಂತಿತು. ಒಡತಿಯ ಮಿಕ್ಸಿ ತಂದು ರುಬ್ಬಿದೆ. ಹಿಟ್ಟು ಉಬ್ಬಲಿಲ್ಲ, ರಾತ್ರಿಯ ಚಳಿ ಹಾಗಿತ್ತು. ಹಗಲು ಮಾತ್ರ ಕಾರಿನೊಳಗೆ ಕೂತರೆ ಮಂಗಳೂರಿನ ಏಪ್ರಿಲ್. ದೊಡ್ಡ ಪಾತ್ರೆಗಳೆರಡರಲ್ಲಿ ಒಂದನ್ನು ಒಯ್ದು ಹಿಂದಿನ ಸೀಟಿನಲ್ಲಿಟ್ಟು, ಶಾಲು ಹೊದೆಸಿ, ಸೀಟ್‌ಬೆಲ್ಟ್ ಬಿಗಿದು ಬಂದೆ. ಅಷ್ಟೇ, ಇವರಿಗೆ ಹೇಳುವುದೊಂದು ಬಿಟ್ಟುಹೋಯಿತು.

ಮೆಕ್ಸಿಕೊದ ರಸ್ತೆಗಳಲ್ಲಿ 'ತೋಪೆಸ್' ಎಂಬುದುಂಟು. ನಮ್ಮ ಹಂಪುಗಳ ದೊಡ್ಡಪ್ಪಂದಿರು. ಬಣ್ಣವಿಲ್ಲ, ಬೋರ್ಡಿಲ್ಲ, ತಲೆ ಚಾವಣಿಗೆ ಬಡಿದಾಗ ಬಂತೆಂದು ತಿಳಿಯುವುದು. ನಮ್ಮ ಮನೆಯಿಂದ ಸಭೆಗೆ ಹನ್ನೊಂದು, ಮಗ ಎಣಿಸಿದ್ದಾನೆ. ಇವರು ಅವಸರದ ಮೀಟಿಂಗಿಗೆ ಹನ್ನೊಂದನ್ನೂ ಹಾರಿಸಿಕೊಂಡು ಹೋದರು. ಹಿಟ್ಟು ಚೆನ್ನಾಗಿ ಉಬ್ಬಿತ್ತು ಎಂಬುದಕ್ಕೆ ಇವರ ಬೆನ್ನು, ಕುತ್ತಿಗೆ, ಹಿಂದಿನ ಗಾಜು ಸಾಕ್ಷಿ. ಇಲ್ಲಿ ಪೊಪೊಕಾಟೆಪೆಟ್ಲ್ ಜ್ವಾಲಾಮುಖಿ ಆಗಾಗ ಕೆಮ್ಮುತ್ತದೆ, ಕಾರುಗಳ ಮೇಲೆ ಬೂದಿ ಬೀಳುವುದು ಹೊಸತೇನಲ್ಲ. ಸಭೆಯ ಹಿರಿಯರು ನಮ್ಮ ಕಾರಿನ ಬಾಗಿಲು ತೆರೆದು, ಬಗ್ಗಿ ನೋಡಿ, ಕೇಳಿದರಂತೆ: "ಒಳಗೂ ಬಿತ್ತಾ?"

ಉಳಿದೊಂದು ಪಾತ್ರೆಯನ್ನು ಒಲೆಯ ಪಕ್ಕ ಕಾವಲು ಕೂತು ಉಬ್ಬಿಸಿದೆ. ಹಲಸಿನೆಲೆ ಸಿಗದೆ ಬಾಳೆಲೆಯಲ್ಲಿ ಕಟ್ಟಿದ ಕಡುಬು ಮೂವತ್ತೊಂದು ಜನರ ಎದುರು ಬಿಚ್ಚಿಕೊಂಡಿತು. ಬೆಳ್ಳಗೆ, ಮೆತ್ತಗೆ, ನನ್ನ ಅಮ್ಮ ನೋಡಿದ್ದರೂ ಹೌದೆನ್ನಬೇಕು. ಜನ ಮುರಿದರು. ಹುಡುಕಿದರು. ಇನ್ನಷ್ಟು ಮುರಿದರು. ಒಡತಿ ಮೆಲ್ಲಗೆ ಕೇಳಿದಳು, "ಒಳಗೆ... ಏನೂ ಇಲ್ಲವಾ?" ಏನೂ ಇಲ್ಲ, ಹೀಗೆಯೇ ತಿನ್ನುವುದು ಎಂದೆ. ಅವಳು ಇವರ ಸವೆದ ಕಾಲರಿನ ಕಡೆ ಒಮ್ಮೆ ನೋಡಿ, ಎದ್ದುಹೋಗಿ ತನ್ನ ಮನೆಯಿಂದ ಒಂದು ಪಾತ್ರೆ ಮೋಲೆ ತಂದಳು. ಒಣಮೆಣಸು, ಎಳ್ಳು, ಚಾಕಲೇಟು ಎಲ್ಲ ಅರೆದ ಕಪ್ಪು ಗಸಿ. ಕಡುಬಿಗೆ ಅದು ಎಷ್ಟು ಚೆನ್ನಾಗಿ ಹೊಂದಿತೆಂದರೆ, ಕೋರಿರೊಟ್ಟಿಯ ಮೇಲಾಣೆ, ನಾನೂ ಎರಡು ಸಲ ಹಾಕಿಸಿಕೊಂಡೆ. ಮರುದಿನ ಬೆಳಿಗ್ಗೆ ಗೇಟಿಗೆ ಒಂದು ಚೀಲ ತೂಗುಹಾಕಿತ್ತು. ಒಳಗೆ ಇಡೀ ಕೋಳಿ. ಅದರ ಮರುದಿನ ಇನ್ನೊಂದು. ಹೂರಣಕ್ಕೂ ಗತಿಯಿಲ್ಲದ ಮಿಷನರಿಗಳೆಂದು ಬೀದಿಯವರೆಲ್ಲ ಸೇರಿ ಸರದಿ ಹಾಕಿಕೊಂಡಿದ್ದರು. ಒಂಬತ್ತು ದಿನ ಕೋಳಿ ತಿಂದೆವು. ಬೇಡವೆನ್ನುವಷ್ಟು ಸ್ಪ್ಯಾನಿಷ್ ನಮಗಿನ್ನೂ ಬಂದಿರಲಿಲ್ಲ ಎಂದು ಇವರ ವಾದ.

ಈ ವರ್ಷ ಜನವರಿ 6ಕ್ಕೆ ಮತ್ತೆ ಕರೆದರು. ಇವರು ಮನೆಯಲ್ಲೇ ತಾಲೀಮು ಮಾಡಿಕೊಂಡು ಬಂದಿದ್ದರು: ತೆಳ್ಳಗೆ ಕತ್ತರಿಸಬೇಕು, ಮೊದಲು ಫೋರ್ಕಿನಲ್ಲಿ ಚುಚ್ಚಿ ನೋಡಬೇಕು. ನಾವು ಮೇಜಿನ ಹತ್ತಿರ ಹೋದೆವು. ಒಡತಿ ರೋಸ್ಕಾದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ, ನಮ್ಮೆದುರು ತಂದು ನಿಲ್ಲಿಸಿದಳು. ರೊಟ್ಟಿಯ ಬದಿಯಿಂದ ಪ್ಲಾಸ್ಟಿಕ್ಕಿನ ಎರಡು ಪುಟ್ಟ ಕಾಲು ಸ್ಪಷ್ಟವಾಗಿ ಹೊರಗೆ ಚಾಚಿಕೊಂಡಿತ್ತು. "ಅಕಿ" ಎಂದಳು, ಬೆರಳಿಟ್ಟು. ಮೂವತ್ತೊಂದು ಜನ ಚಾವಣಿ ನೋಡುತ್ತಿದ್ದರು.

ಅತ್ತೆ ಉದ್ದು ಪಾರ್ಸೆಲ್ ಮಾಡಿದ್ದಾರೆ. ಕಾರಿನ ಕೀಲಿ ನನ್ನ ಸೆರಗಿನಲ್ಲುಂಟು.