ಐಟಿ ರಿಟರ್ನ್ ನಾವೇ ಸಲ್ಲಿಸಬೇಕಾ? ಪರ–ವಿರೋಧ

ಪರ: ನಿಮ್ಮ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ

ನನ್ನ ಅಕ್ಕ ಹೈಸ್ಕೂಲ್ ಟೀಚರ್. ಹಲವು ವರ್ಷ ಅವಳ ಆದಾಯ ತೆರಿಗೆ ರಿಟರ್ನ್ ಹಾಕಿದ್ದು ಒಬ್ಬ ಏಜೆಂಟ್. ಸಂಬಳ, ಅದರಲ್ಲಿ ಹಿಡಿದ ತೆರಿಗೆ ತೋರಿಸುವ ಫಾರ್ಮ್ 16 ವಾಟ್ಸಾಪ್ ಮಾಡಿದರೆ ಮುಗಿಯಿತು. "ಮೇಡಂ, ನಿಮಗ್ಯಾಕೆ ತಲೆನೋವು, ನಾನು ನೋಡ್ಕೋತೀನಿ" ಅನ್ನುತ್ತಿದ್ದ. ಒಂದು ವರ್ಷ ಸುಮಾರು 25 ಸಾವಿರ ರಿಫಂಡ್ ಬಂತು. ಮನೆಯವರೆಲ್ಲ ಖುಷಿಪಟ್ಟೆವು. ಯಾಕೆ ಬಂತು ಅಂತ ಯಾರೂ ಕೇಳಲಿಲ್ಲ.

ಮರುವರ್ಷ ಗೃಹಸಾಲಕ್ಕೆ ಬ್ಯಾಂಕಿನವರು ಹಳೆಯ ರಿಟರ್ನ್‌ಗಳನ್ನು ಕೇಳಿದರು. ಏಜೆಂಟ್ ಫೋನ್ ಎತ್ತಲಿಲ್ಲ. ನಾವೇ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಹೋದೆವು. ಪಾಸ್‌ವರ್ಡ್ ಗೊತ್ತಿಲ್ಲ. ಒಟಿಪಿ ತರಿಸೋಣ ಅಂದರೆ ಅಲ್ಲಿದ್ದ ಮೊಬೈಲ್ ನಂಬರ್ ಅವನದು, ಇಮೇಲ್ ಕೂಡ ಅವನದೇ. ಕೊನೆಗೆ ಆಧಾರ್ ಒಟಿಪಿಯಿಂದ ಪಾಸ್‌ವರ್ಡ್ ಬದಲಿಸಿ ಒಳಗೆ ಹೋದರೆ, ರಿಟರ್ನ್‌ನಲ್ಲಿ ಒಂದು ಸಾಲು ಕಾಣಿಸಿತು. ರಾಜಕೀಯ ಪಕ್ಷಕ್ಕೆ ದೇಣಿಗೆ, 1,20,000 ರೂಪಾಯಿ. ಆ ರಿಫಂಡ್ ಬಂದದ್ದು ಇದನ್ನು ತೋರಿಸಿಯೇ. ಅಕ್ಕ ಯಾವ ಪಕ್ಷಕ್ಕೂ ಒಂದು ರೂಪಾಯಿ ಕೊಟ್ಟವಳಲ್ಲ. ಅವಳು ಪರದೆ ನೋಡುತ್ತಾ ಎಷ್ಟೋ ಹೊತ್ತು ಸುಮ್ನೆ ಕೂತಿದ್ದಳು.

ಏಜೆಂಟ್ ಸುಳ್ಳು ಬರೆದರೂ ಉತ್ತರ ಕೊಡಬೇಕಾದವಳು ಅವಳೇ. ರಿಟರ್ನ್‌ನ ಕೊನೆಯಲ್ಲಿ "ಇದರಲ್ಲಿರುವ ಮಾಹಿತಿ ಸರಿಯಾಗಿದೆ, ಪೂರ್ಣವಾಗಿದೆ" ಎಂಬ ಘೋಷಣೆ ಇರುತ್ತದೆ. ಅದು ಅವಳ ಹೆಸರಿನಲ್ಲಿತ್ತು. ಆದಾಯವನ್ನು ತಪ್ಪಾಗಿ ತೋರಿಸಿದ್ದು ಇಲಾಖೆಯ ವಿಚಾರಣೆಯಲ್ಲಿ ಸಾಬೀತಾದರೆ ದಂಡ ಆ ತೆರಿಗೆಯ 200 ಪರ್ಸೆಂಟ್‌ವರೆಗೆ ಹೋಗುತ್ತದೆ. ನೋಟಿಸ್ ಬರುವ ಮೊದಲೇ ನಮಗೆ ಗೊತ್ತಾದದ್ದು ಪುಣ್ಯ. ಹಳೆಯ ತಪ್ಪನ್ನು ತಡವಾಗಿಯಾದರೂ ತಿದ್ದಿಕೊಳ್ಳಲು 2022ರಲ್ಲಿ ಬಂದ ಅಪ್‌ಡೇಟೆಡ್ ರಿಟರ್ನ್ ಸೌಲಭ್ಯದಲ್ಲಿ ತೆರಿಗೆ, ಬಡ್ಡಿ, ಅದರ ಮೇಲೆ 25 ಪರ್ಸೆಂಟ್ ಹೆಚ್ಚುವರಿ ಕಟ್ಟಿ ಸರಿಮಾಡಿಕೊಂಡಳು.

ಅವತ್ತಿನಿಂದ ಅಕ್ಕ ತಾನೇ ರಿಟರ್ನ್ ಹಾಕುತ್ತಾಳೆ. ಒಂದು ಭಾನುವಾರದ ಬೆಳಗ್ಗೆ ಸಾಕು. ಮೊದಲು ಎಐಎಸ್ (ಇಲಾಖೆಯ ಬಳಿ ಇರುವ ನಮ್ಮ ಆದಾಯ, ವಹಿವಾಟಿನ ಪಟ್ಟಿ) ತೆಗೆದು ಎಸ್‌ಬಿ ಖಾತೆಯ ಬಡ್ಡಿ, ಎಫ್‌ಡಿ ಬಡ್ಡಿ, ಡಿವಿಡೆಂಡ್ ನೋಡುತ್ತಾಳೆ. ಆಮೇಲೆ 26ಎಎಸ್ ಎಂಬ ತೆರಿಗೆ ಜಮಾ ಪಟ್ಟಿಯಲ್ಲಿರುವ ಟಿಡಿಎಸ್ (ಮೊದಲೇ ಹಿಡಿದ ತೆರಿಗೆ) ಮತ್ತು ಫಾರ್ಮ್ 16ರಲ್ಲಿರುವ ಟಿಡಿಎಸ್ ಒಂದೇನಾ ಅಂತ ತಾಳೆ ಹಾಕುತ್ತಾಳೆ. ಸಂಬಳದ ಅಂಕಿಗಳೆಲ್ಲ ಪೋರ್ಟಲ್‌ನಲ್ಲಿ ಮೊದಲೇ ತುಂಬಿರುತ್ತವೆ. ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಬೇಕು, ಅಂದರೆ ರಿಟರ್ನ್ ನಮ್ಮದೇ ಅಂತ ಆನ್‌ಲೈನ್‌ನಲ್ಲಿ ದೃಢಪಡಿಸಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

ಇಲಾಖೆಯಿಂದ ಕಾಗದ ಬಂತು ಅಂದರೆ ಎದೆ ಡವಡವ ಅನ್ನುತ್ತದೆ, ನಿಜ. ಆದರೆ ಹೆಚ್ಚಿನವರಿಗೆ ಬರುವುದು ಇಂಟಿಮೇಷನ್ ಮಾತ್ರ. ಅದರಲ್ಲಿ ಎರಡು ಕಾಲಂ. ಒಂದರಲ್ಲಿ ನೀವು ಕೊಟ್ಟ ಲೆಕ್ಕ, ಪಕ್ಕದಲ್ಲಿ ಇಲಾಖೆ ಹಾಕಿದ ಲೆಕ್ಕ. ಎರಡೂ ಒಂದೇ ಇದ್ದರೆ ಹೆದರುವುದು ಏನಿದೆ? ಬಂದ ನೋಟಿಸ್ ಅಸಲಿಯೋ ನಕಲಿಯೋ ಅನ್ನುವ ಅನುಮಾನ ಬಂದರೂ ದಾರಿ ಇದೆ. 2019ರ ಅಕ್ಟೋಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿನ್ ಎಂಬ ಗುರುತಿನ ನಂಬರ್ ಇರುತ್ತದೆ. ಅದನ್ನು ಪೋರ್ಟಲ್‌ನಲ್ಲಿ ಹಾಕಿದರೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಉತ್ತರ ಕೊಡುವುದೂ ಅಲ್ಲೇ. ಕಚೇರಿ ಸುತ್ತಬೇಕಿಲ್ಲ, ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ.

ಆಡಿಟರ್ ಬೇಕು ಅನ್ನುವವರು ನಮ್ಮನ್ನೆಲ್ಲ ಕೂಡಿಸಿ ಕಳೆಯಲು ಬಾರದವರ ಹಾಗೆ ನೋಡುತ್ತಾರೆ. ಮನೆ ಖರ್ಚು, ಚೀಟಿ, ಸಾಲದ ಕಂತು ಎಲ್ಲ ನಿಭಾಯಿಸುವವರಿಗೆ ಇದೊಂದು ಆಗಲ್ವಾ? ಬೇರೇನೂ ಮಾಡದಿದ್ದರೂ ಇವತ್ತು ಒಮ್ಮೆ ಪೋರ್ಟಲ್ ತೆರೆದು, ಅಲ್ಲಿರುವ ಮೊಬೈಲ್ ನಂಬರ್ ನಿಮ್ಮದೇನಾ ನೋಡಿ.

ವಿರೋಧ: ತಿಳಿದವರ ಕೈಗೆ ಕೊಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ರಿಟರ್ನ್ ನಾನೇ ಹಾಕುತ್ತೇನೆ. ಒಂದೇ ಸಂಬಳ, ಒಂದೇ ಮನೆ ಇರುವವರಿಗೆ ಅದು ಕಷ್ಟವಲ್ಲ. ಆದರೆ ಎಲ್ಲರಿಗೂ ಇದೇ ಮಾತು ಹೇಳುವುದು ಸರಿಯಲ್ಲ.

ನನ್ನ ಭಾವ ಸೆಪ್ಟೆಂಬರ್‌ನಲ್ಲಿ ಕಂಪನಿ ಬದಲಿಸಿದರು. ಕೈಯಲ್ಲಿ ಎರಡು ಫಾರ್ಮ್ 16. ಸಂಬಳದಿಂದ ವರ್ಷಕ್ಕೆ ಒಮ್ಮೆ ಮಾತ್ರ ಕಳೆಯಬೇಕಾದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಅನ್ನು ಎರಡೂ ಕಂಪನಿಯವರು ಕಳೆದಿದ್ದರು. ಎರಡೂ ಕಡೆ ತೆರಿಗೆ ದರದ ಸ್ಲ್ಯಾಬ್ ಸೊನ್ನೆಯಿಂದಲೇ ಶುರುವಾಗಿತ್ತು. ಹಾಗಾಗಿ ಟಿಡಿಎಸ್ ಕಡಿಮೆ ಕಡಿತವಾಗಿತ್ತು. ರಿಟರ್ನ್ ತುಂಬುವಾಗ "ಕಟ್ಟಬೇಕಾದ ತೆರಿಗೆ" ಅಂತ ದೊಡ್ಡ ಮೊತ್ತ ಬಂತು. ಟಿಡಿಎಸ್ ಆಗಲೇ ಹೋಗಿದೆಯಲ್ಲ, ಸಾಫ್ಟ್‌ವೇರ್ ತಪ್ಪು ಅಂದುಕೊಂಡು ಹಳೆ ಕಂಪನಿಯ ಸಾಲನ್ನೇ ಅಳಿಸಿ ಸಲ್ಲಿಸಿದರು. ಅವರಿಗೆ ಮೋಸದ ಯೋಚನೆ ಇರಲಿಲ್ಲ. ಕೆಲವು ವಾರಕ್ಕೆ ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಇಲಾಖೆಯ ಮೆಸೇಜ್ ಬಂತು. ಎರಡು ರಾತ್ರಿ ಅವರು ನಿದ್ದೆ ಮಾಡಲಿಲ್ಲ.

ಆಡಿಟರ್ ಹತ್ತೇ ನಿಮಿಷದಲ್ಲಿ ಕಾರಣ ಹಿಡಿದರು. ಆಗ ಇದ್ದ ಡಿಸೆಂಬರ್ 31ರ ಗಡುವಿಗೆ ಮುಂಚೆ ತಿದ್ದಿದ (ರಿವೈಸ್ಡ್) ರಿಟರ್ನ್ ಹಾಕಿಸಿ, ಬಾಕಿ ತೆರಿಗೆ ಮತ್ತು ಬಡ್ಡಿ ಕಟ್ಟಿಸಿದರು.

ಸೈಟ್ ಮಾರಿದವರು, ಷೇರಿನಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಆಡುವವರು, ವಿದೇಶಿ ಕಂಪನಿಯ ಷೇರು ಇಟ್ಟುಕೊಂಡವರು ಇವರದೆಲ್ಲ ಇನ್ನೂ ಸೂಕ್ಷ್ಮ. ಎಫ್ ಅಂಡ್ ಓ ಅಂದರೆ ವ್ಯಾಪಾರದ ಆದಾಯ, ಅದರ ಫಾರ್ಮೇ ಬೇರೆ. ಒಂದು ಭಾನುವಾರದಲ್ಲಿ ಇದನ್ನೆಲ್ಲ ಕಲಿತುಬಿಡಿ ಅನ್ನುವುದು ಹೇಳಿದಷ್ಟು ಸುಲಭವಲ್ಲ. ಇನ್ನು ಮೋಸದ ಏಜೆಂಟರ ಮಾತು. ಅವರಲ್ಲಿ ಅನೇಕರು ಚಾರ್ಟರ್ಡ್ ಅಕೌಂಟೆಂಟ್‌ಗಳಲ್ಲ. ಕಳ್ಳ ವೈದ್ಯನಿದ್ದಾನೆ ಅಂತ ಡಾಕ್ಟರ್ ಹತ್ತಿರ ಹೋಗುವುದು ಬಿಡುತ್ತೇವಾ?

ಭಾವ ಈಗ ಪ್ರತಿ ಜುಲೈ ಆ ಆಡಿಟರ್ ಹತ್ತಿರವೇ ಹೋಗುತ್ತಾರೆ. ಕುರ್ಚಿಯಲ್ಲಿ ಕೂರುವ ಮೊದಲೇ ಆಡಿಟರ್ ಕೇಳುವ ಪ್ರಶ್ನೆ ಒಂದೇ: "ಈ ವರ್ಷ ಕೆಲಸ ಬದಲಾಯಿಸಿದ್ರಾ?"