ಅವತ್ತು ಮಂಗಳವಾರ, ಅಲ್ಲ ಬುಧವಾರ

ನನ್ನ ಗೆಳೆಯನೊಬ್ಬ ಕಳೆದ ವಾರ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಬರೋಬ್ಬರಿ 20 ನಿಮಿಷ. ನಿನ್ನೆ ಸಂಜೆ ಆ ಕತೆಯನ್ನು ಕೇಳುತ್ತಾ ನಾನು ಅವನ ಮನೆಯ ಸೋಫಾದಲ್ಲಿ ಸಿಕ್ಕಿಹಾಕಿಕೊಂಡಿದ್ದು 50 ನಿಮಿಷ. ಲಿಫ್ಟಿನಲ್ಲಿ ಒತ್ತುವುದಕ್ಕೆ ಅಲಾರಂ ಗುಂಡಿಯಾದರೂ ಇರುತ್ತದೆ. ಸೋಫಾಗೆ ಯಾರೂ ಅದನ್ನಿನ್ನೂ ಇಟ್ಟಿಲ್ಲ.

ಶುರುವಾಗಿದ್ದು ಚೆನ್ನಾಗಿಯೇ. "ಮೊನ್ನೆ ಒಂದು ತಮಾಷೆ ಆಯ್ತು ಕಣೋ, ಲಿಫ್ಟಲ್ಲಿ ಸಿಕ್ಕಾಕ್ಕೊಂಡ್‌ಬಿಟ್ಟೆ" ಅಂದ. ನಾನು ಕೈಲಿದ್ದ ಫೋನನ್ನು ಮಗುಚಿ ಕೆಳಗಿಟ್ಟೆ. ಈ ಕಾಲದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಕೊಡಲಾರ. ಅವನಿಗೂ ಅದು ಗೊತ್ತಾಯಿತು. ಕಾಲು ಮೇಲೆ ಕಾಲು ಹಾಕಿ, ಗಂಟಲು ಸರಿಮಾಡಿಕೊಂಡು, "ಅವತ್ತು ಮಂಗಳವಾರ" ಅಂದ. ಹಾಗಂದವನು ತಟ್ಟನೆ ಸುಮ್ಮನಾದ. ಹುಬ್ಬು ಗಂಟಿಕ್ಕಿತು. ಕಣ್ಣು ಫ್ಯಾನಿನ ಕಡೆ ಹೋಯಿತು.

"ಅಲ್ಲ, ಬುಧವಾರ."

"ಸರಿ, ಆಮೇಲೆ?" ಅಂದೆ.

"ಇರು ಮಾರಾಯ. ಮಂಗಳವಾರ ನಾನು ಹಲ್ಲು ತೋರಿಸೋಕೆ ಹೋಗಿದ್ದೆ. ಹಲ್ಲು ತೋರಿಸಿದ ಮಾರನೇ ದಿನ ಲಿಫ್ಟು. ಅಲ್ಲಿಗೆ ಬುಧವಾರ ಆಯ್ತಲ್ಲ. ಆದ್ರೆ ಡಾಕ್ಟರು ಮೊದಲು ಸೋಮವಾರ ಬನ್ನಿ ಅಂದಿದ್ರು, ನಾನೇ ಮುಂದಕ್ಕೆ ಹಾಕಿದ್ದು. ಯಾಕಪ್ಪಾ ಮುಂದಕ್ಕೆ ಹಾಕಿದೆ?"

ಈ ಕೊನೆಯ ಪ್ರಶ್ನೆಯನ್ನು ಅವನು ನಿಜವಾಗಿಯೂ ನನ್ನನ್ನೇ ಕೇಳಿದ. ಅವನ ಹಲ್ಲು, ಅವನ ಡಾಕ್ಟರು, ಉತ್ತರ ಮಾತ್ರ ನಾನು ಕೊಡಬೇಕು. ನನಗೆ ಯಾವ ವಾರವಾದರೂ ತಕರಾರಿರಲಿಲ್ಲ. ಭಾನುವಾರ ಅಂದಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ವಾರ, ತಿಥಿ ನೋಡಿಕೊಂಡು ಕೆಡುವಷ್ಟು ಮಡಿವಂತ ಲಿಫ್ಟು ಎಲ್ಲಿಯೂ ಇರಲಾರದು. "ಬಿಡೋ, ಯಾವತ್ತಾದ್ರೇನು" ಅಂದೆ. ಅದೇ ತಪ್ಪಾಯಿತು. "ಹಾಗಲ್ಲ, ಹೇಳಿದ್ರೆ ಸರಿಯಾಗಿ ಹೇಳಬೇಕು" ಅಂತ ಒಳಗಿದ್ದ ಹೆಂಡತಿಯನ್ನು ಕೂಗಿದ. ಆಕೆ ಎಲ್ಲಿದ್ದರೋ ಅಲ್ಲಿಂದಲೇ "ಗುರುವಾರ!" ಅಂದರು. ಎರಡು ವಾರಗಳ ಜಗಳ ಮೂರು ವಾರಗಳದ್ದಾಯಿತು.

ಆಮೇಲೆ ಸಾಕ್ಷ್ಯ ಸಂಗ್ರಹ. ಫೋನು ತೆಗೆದು, ಅವತ್ತು ಲಿಫ್ಟಿನೊಳಗಿಂದ ಯಾರಿಗೋ ಕರೆ ಮಾಡಿದ್ದನಲ್ಲ, ಅದನ್ನು ಹುಡುಕತೊಡಗಿದ. ಬೆರಳು ಮೇಲಕ್ಕೆ ಕೆಳಕ್ಕೆ ಉಜ್ಜುತ್ತಲೇ ಇತ್ತು. ನಡುವೆ ಯಾರದೋ ಹೆಸರು ಕಂಡು, "ಅಯ್ಯೋ, ಇವನಿಗೆ ವಾಪಸ್ ಮಾಡೋದೇ ಮರೆತೆ" ಅಂದ. ಪುಣ್ಯಕ್ಕೆ ಅಲ್ಲೇ ಕೂತು ಮಾಡಲಿಲ್ಲ. ಗೋಡೆ ಗಡಿಯಾರ ನನ್ನೆದುರಿಗೇ ಇತ್ತಾದ್ದರಿಂದ ಲೆಕ್ಕ ನಿಖರವಾಗಿ ಹೇಳಬಲ್ಲೆ: 11 ನಿಮಿಷಗಳ ತನಿಖೆಯ ನಂತರ ತೀರ್ಪು ಹೊರಬಿತ್ತು. "ನಾನು ಮೊದಲು ಹೇಳಿದ್ದೇ ಸರಿ. ಮಂಗಳವಾರ." ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ ಇರಬೇಕು. ನಮ್ಮ ಇಲಿ ಅಗೆಯುವುದಕ್ಕೆ ಮುಂಚೆಯೇ ಹೊರಗೆ ಬಂದು ಕೂತಿತ್ತು. ಇಷ್ಟಾದರೂ ಕಥಾನಾಯಕ ಇನ್ನೂ ಲಿಫ್ಟು ಹತ್ತಿರಲಿಲ್ಲ. ಲಿಫ್ಟಿರುವ ಕಟ್ಟಡವನ್ನೂ ತಲುಪಿರಲಿಲ್ಲ.

ಕಟ್ಟಡದ ಮುಂದೆ ಛತ್ರಿ ಬಂತು. ಆ ದಿನ ಅವನ ಕೈಲಿ ಛತ್ರಿ ಇತ್ತಂತೆ. ತನ್ನದಲ್ಲವಂತೆ, ಭಾವಮೈದುನನದಂತೆ. ಹಿಡಿಕೆ ಸ್ವಲ್ಪ ಸಡಿಲವಂತೆ. ವೇದಿಕೆ ಮೇಲೆ ಗುಂಡು ತುಂಬಿದ ಬಂದೂಕು ಇಟ್ಟರೆ ಅದನ್ನು ಹಾರಿಸುವ ಯೋಚನೆ ಯಾರಿಗಾದರೂ ಇರಬೇಕು ಅಂತ ರಷ್ಯದ ಕತೆಗಾರ, ನಾಟಕಕಾರ ಚೆಕಾಫ್ 1889ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದ. ಅದನ್ನು ನಂಬಿಕೊಂಡು ನಾನು ಇಡೀ ಸಂಜೆ ಛತ್ರಿಗಾಗಿ ಕಾದೆ. ಅದರ ತುದಿಯಿಂದ ಬಾಗಿಲು ಮೀಟುತ್ತಾನೆ, ಹಿಡಿಕೆ ಕಳಚಿ ಯಾರದೋ ತಲೆ ಮೇಲೆ ಬೀಳುತ್ತದೆ, ಕೊನೇಪಕ್ಷ ಲಿಫ್ಟಿನೊಳಗೆ ತಾನೇ ಫಟ್ಟಂತ ಬಿಚ್ಚಿಕೊಳ್ಳುತ್ತದೆ ಅಂದುಕೊಂಡೆ. ಏನೂ ಇಲ್ಲ. ಛತ್ರಿ ಹೋದಂತೆಯೇ ಮನೆಗೆ ಬಂತಂತೆ. ಮಳೆಯೂ ಬರಲಿಲ್ಲವಂತೆ.

ಇನ್ನು ಕುತೂಹಲದ ಮಾತು. "ಬಾಗಿಲು ತೆರೀತದೋ ಇಲ್ವೋ, ನನಗೆ ಎದೆ ಢವಢವ" ಅಂತ ಅವನು ಕಣ್ಣರಳಿಸಿದಾಗ ನಾನೂ ಬೆದರಿದವನಂತೆ ಮುಖ ಮಾಡಬೇಕಾಯಿತು. ಕತೆ ಹೇಳುವವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎದುರಿಗೇ ಕೂತಿದ್ದಾನೆ ಅಂದಮೇಲೆ ಬಾಗಿಲು ತೆರೆದಿರಲೇಬೇಕಲ್ಲ!

ಅವನು ಕಳಿಸುವ ಧ್ವನಿ ಸಂದೇಶಗಳದ್ದೂ ಇದೇ ಹಣೆಬರಹ. ಆದರೆ ಅಲ್ಲಿ ಉಪಾಯವುಂಟು. 2021ರಲ್ಲಿ ವಾಟ್ಸಾಪ್‌ಗೆ ಒಂದೂವರೆ ಪಟ್ಟು, ಎರಡು ಪಟ್ಟು ವೇಗದ ಗುಂಡಿ ಬಂದಂದಿನಿಂದ ಅವನನ್ನು ನಾನು ಎರಡು ಪಟ್ಟಿನಲ್ಲೇ ಕೇಳುವುದು. ಆ ವೇಗದಲ್ಲಿ ಅವನು ಚುರುಕಾದ, ಖಚಿತ ನಿಲುವಿನ ಮನುಷ್ಯನಂತೆ ಕೇಳಿಸುತ್ತಾನೆ. ನಿನ್ನೆ ಅವನ ಹಣೆಯ ಮೇಲೆ ಆ ಗುಂಡಿಯನ್ನು ಎಷ್ಟು ಸಲ ಹುಡುಕಿದೆನೋ.

ಸಿಟ್ಟು ಇಳಿಯದೆ ರಾತ್ರಿ ಕೂತು ಹುಡುಕಿದೆ, ಇದಕ್ಕೊಂದು ಕಾನೂನು ಇರಲಾರದೇ ಅಂತ. ಇತ್ತು. ಪಾಲ್ ಗ್ರೈಸ್ ಎಂಬ ತತ್ವಶಾಸ್ತ್ರಜ್ಞ 1975ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ ಮಾತುಕತೆಯ ನಿಯಮಗಳನ್ನು ಹೇಳಿದ್ದಾನೆ. ಪ್ರಮಾಣದ ನಿಯಮ ಅಂತ ಒಂದು: ಬೇಕಾದಷ್ಟು ಹೇಳು, ಬೇಕಾದ್ದಕ್ಕಿಂತ ಹೆಚ್ಚು ಹೇಳಬೇಡ. ಆಹಾ ಅಂದುಕೊಂಡು ಗೆಳೆಯನಿಗೆ ಕಳಿಸಿಯೇಬಿಡೋಣ ಎಂದು ಹೊರಟವನು ನಿಂತೆ. ಬೇಕಾದಷ್ಟು ಅಂದರೆ ಎಷ್ಟು, ಅದನ್ನು ಅಳೆಯುವ ಸೇರು ಯಾರ ಕೈಲಿರಬೇಕು ಅಂತ ಅವನು ತಿರುಗಿ ಕೇಳದೇ ಬಿಡುವವನಲ್ಲ. ಕೇಳುವುದೂ ಐದು ನಿಮಿಷದ ಧ್ವನಿ ಸಂದೇಶದಲ್ಲಿ.

ಹಾಗಂತ ಕಡಿಮೆ ಹೇಳುವವರ ಸಹವಾಸ ಸುಖ ಅಂತಲೂ ಅಲ್ಲ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವನೊಬ್ಬನಿದ್ದ. ಆಗ ಅವನು ಒಂದು ಚಪ್ಪಲಿ ಕಳೆದುಕೊಂಡ ಕತೆಯನ್ನು ಅರ್ಧ ರಾತ್ರಿ ಹೇಳಬಲ್ಲವನಾಗಿದ್ದ. ಎಡಗಾಲಿನದ್ದು, ಉಂಗುಷ್ಠ ಕಿತ್ತು ಎರಡು ಸಲ ಹೊಲಿಸಿದ್ದು, ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಊರು ಬೇರೆಯಾಯಿತು, ಕೆಲಸ ಬೇರೆಯಾಯಿತು, ಕತೆಗಳು ಸಣ್ಣಗಾಗುತ್ತಾ ಬಂದವು. "ಏನು ವಿಶೇಷ?" ಅಂದರೆ "ಏನಿಲ್ಲಪ್ಪ, ಎಲ್ಲ ಮಾಮೂಲಿ." ಹೋದ ವರ್ಷ ಒಂದು ದಿನ, ಯಾವುದೋ ಹಬ್ಬದ ಶುಭಾಶಯಕ್ಕೆ ಉತ್ತರವಾಗಿ, ಒಂದೇ ಸಾಲು ಬರೆದಿದ್ದ: ಅಪ್ಪ ಹೋದರು ಕಣೋ, ತಿಂಗಳಾಯ್ತು. ಅದನ್ನೇ ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ಏನಾಗಿತ್ತು, ಜೊತೆಗೆ ಯಾರಿದ್ದರು, ಕೊನೆಗೆ ಏನಾದರೂ ಮಾತಾಡಿದರೇ ಅಂತ ಕೇಳಬೇಕೆನಿಸಿತು. ಯಾವ ವಾರ ಅಂತ ಕೇಳುವ ಸಲಿಗೆಯೂ ನಮ್ಮ ನಡುವೆ ಉಳಿದಿರಲಿಲ್ಲ.

ಇರಲಿ. ಹೇಳಬೇಕಾಗಿದ್ದು ಲಿಫ್ಟಿನ ವಿಷಯ. (ನೋಡಿ, ನಾನೂ ಅದೇ ಜಾತಿಯವನೇ. ಮನೆಯಲ್ಲಿ ಕೇಳಿದರೆ ಇನ್ನೂ ಚೆನ್ನಾಗಿ ಹೇಳುತ್ತಾರೆ.)

ನಿನ್ನೆ ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ: "ಅವನು ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದ್ದನಂತೆ. ಇಪ್ಪತ್ತು ನಿಮಿಷ ಆದ್ಮೇಲೆ ತೆಗೆದರಂತೆ." ಹೇಗೆ ಹೇಳಬೇಕು ಅನ್ನುವುದಕ್ಕೆ ಮಾದರಿ ತೋರಿಸಿದ ಹೆಮ್ಮೆಯಲ್ಲಿ ಕೈಕಾಲು ತೊಳೆಯಲು ಹೊರಟೆ.

"ಎಷ್ಟನೇ ಮಹಡೀಲಿ?" ಅಂದಳು.

ನಿಂತೆ. ಹೇಳಿದ್ದ. ಖಂಡಿತ ಹೇಳಿದ್ದ. ಎರಡು ಮಹಡಿಗಳ ನಡುವೆ ಅಂದಿದ್ದ. ಯಾವ ಎರಡು?

"ಲೈಟಿತ್ತಾ, ಕತ್ತಲೆಯಾ? ಒಬ್ಬರೇ ಇದ್ರಾ?"

ಇನ್ನೊಬ್ಬರು ಯಾರೋ ಇದ್ದರು. ದಪ್ಪ ಕನ್ನಡಕ. ಅವರು ಮೊದಲು ಹೆದರಿದರೋ, ಇವನಿಗೆ ಧೈರ್ಯ ಹೇಳಿದರೋ ನೆನಪಾಗಲಿಲ್ಲ. ಆ ಹೊತ್ತಿಗೆ ನಾನು ಗಡಿಯಾರ ನೋಡುತ್ತಿದ್ದೆ ಅಂತ ಕಾಣುತ್ತದೆ.

"ಯಾರು ಬಂದು ತೆಗೆದ್ರು? ಅಷ್ಟು ಹೊತ್ತು ಒಳಗೆ ಏನು ಮಾಡ್ತಿದ್ರಂತೆ?"

1932ರಲ್ಲಿ ಕೇಂಬ್ರಿಜ್ಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಇದನ್ನೇ ಬರೆದಿದ್ದ. ಅಪರಿಚಿತ ಜಾನಪದ ಕತೆಯೊಂದನ್ನು ಜನರಿಗೆ ಓದಲು ಕೊಟ್ಟು, ಆಗಾಗ ನೆನಪಿನಿಂದ ಬರೆಸಿದರೆ, ಕತೆ ಸಣ್ಣಗಾಗುತ್ತದೆ, ವಿವರಗಳು ಉದುರುತ್ತವೆ, ಉಳಿದವು ಅವರವರಿಗೆ ಪರಿಚಿತವಾದ ರೂಪಕ್ಕೆ ತಿರುಗುತ್ತವೆ. ಬಾರ್ಟ್ಲೆಟ್‌ನ ಜನಕ್ಕೆ ಇಷ್ಟಾಗಲು ದಿನಗಳು, ತಿಂಗಳುಗಳು ಬೇಕಾಗಿದ್ದವು. ನನಗೆ ಅವನ ಮನೆಯಿಂದ ನಮ್ಮ ಮನೆಯ ತನಕದ ದಾರಿ ಸಾಕಾಗಿತ್ತು.

"ಛತ್ರಿ ಇತ್ತು" ಅಂದೆ. "ಭಾವಮೈದುನಂದು. ಹಿಡಿಕೆ ಸಡಿಲ."

"ಛತ್ರಿ ಯಾಕೆ?"

"ಗೊತ್ತಿಲ್ಲ."

ಅವಳು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಲಿಫ್ಟು ಕೆಡಿಸಿದವನು ನಾನೇ ಇರಬೇಕು ಅನ್ನಿಸಿತು. "ಒಂದು ಗಂಟೆ ಅಲ್ಲಿ ಕೂತು ಏನು ಕೇಳಿಸ್ಕೊಂಡ್ರಿ?" ಅಂದಳು.

ಫೋನು ಎತ್ತಿಕೊಂಡು ಅವನಿಗೆ ಕರೆ ಮಾಡಿದೆ. ಮೊದಲ ರಿಂಗಿಗೇ ತೆಗೆದ. "ಲಿಫ್ಟು ಎಷ್ಟನೇ ಮಹಡೀಲಿ ನಿಂತಿತ್ತೋ?" ಅಂದೆ. ಒಂದು ಕ್ಷಣ ಆ ಕಡೆ ಸದ್ದಿಲ್ಲ. ಇಷ್ಟು ವರ್ಷಗಳಲ್ಲಿ ಯಾರೂ ಅವನ ಕತೆಯ ಬಗ್ಗೆ ಮರುಪ್ರಶ್ನೆ ಕೇಳಿರಲಿಲ್ಲ ಅಂತ ಕಾಣುತ್ತದೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಹೇಳ್ತೀನಿ ಇರು. ಮೊದಲಿಂದ ಹೇಳಿದ್ರೇನೇ ನಿನಗೆ ಗೊತ್ತಾಗೋದು. ಅವತ್ತು ಮಂಗಳವಾರ..."

ನಾನು ಸ್ಪೀಕರ್ ಒತ್ತಿ ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ.