ಗುರುತು ಹಾಕಿ ಬೇಡವೆಂದ ಸಾಲುಗಳು

ಎಡಿನ್‌ಬರೋದಲ್ಲಿರುವ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಬೈರನ್ ಪತ್ರಗಳ ಬಗ್ಗೆ, ಜೀವನ ಬರಹಗಳ ಕುರಿತ ಲೇಖನಮಾಲೆಯ ಈ ಕಂತಿನಲ್ಲಿ ಲೇಖಕರು ಸೊಗಸಾಗಿ ಬರೆದಿದ್ದಾರೆ. ಆದರೆ ಆ ಇಂಗ್ಲಿಷ್ ಕವಿಯ ಆತ್ಮಕಥೆಯ ಹಸ್ತಪ್ರತಿ 1824ರಲ್ಲಿ ಬೂದಿಯಾದದ್ದು, ಇದೇ ಪತ್ರಗಳನ್ನು ಜೋಪಾನವಾಗಿ ಕಾಪಾಡಿದ ಜಾನ್ ಮರೆ ಪ್ರಕಾಶನದ ಲಂಡನ್ ಮನೆಯ ಒಲೆಯಲ್ಲೇ ಎಂಬುದನ್ನೂ ಹೇಳಬೇಕಿತ್ತು.

ಇನ್ನೊಂದು ಆಕ್ಷೇಪವಿದೆ. ಜೀವನ ಬರಹವೆಂದರೆ ಕವಿಗಳು, ಪ್ರಭುಗಳು, ರಾಣಿಯರದ್ದು ಮಾತ್ರವೇ? ಎಡಿನ್‌ಬರೋದ ನ್ಯೂ ಕಾಲೇಜ್ ಗ್ರಂಥಾಲಯದಲ್ಲಿ ಎರಡು ಸಂಪುಟಗಳ ಹಸ್ತಪ್ರತಿಯೊಂದಿದೆ. 1742ರಲ್ಲಿ ಗ್ಲಾಸ್ಗೋ ಬಳಿಯ ಕ್ಯಾಂಬಸ್‌ಲ್ಯಾಂಗ್‌ನಲ್ಲಿ ದೊಡ್ಡ ಧಾರ್ಮಿಕ ಸಂಚಲನವಾದಾಗ, ಅಲ್ಲಿನ ಪಾದ್ರಿ ವಿಲಿಯಂ ಮೆಕಲಕ್ ನೂರಕ್ಕೂ ಹೆಚ್ಚು ಜನರ ಅನುಭವಗಳನ್ನು ಕೇಳಿ ಬರೆದಿಟ್ಟರು. ನೇಕಾರರು, ಮನೆಗೆಲಸದವರು, ಓದಲು ಬಂದರೂ ಬರೆಯಲು ಬಾರದವರು, ಹೆಚ್ಚಿನವರು ಹೆಂಗಸರು. ಬಾಲ್ಯ, ಭಯ, ನಿದ್ದೆಗೆಟ್ಟ ರಾತ್ರಿಗಳು ಎಲ್ಲವೂ ಅಲ್ಲಿವೆ.

ನನಗೆ ಅತ್ಯಂತ ಪ್ರಿಯವಾದದ್ದು ಅದರ ತಿದ್ದುಪಡಿ. ಅಚ್ಚಿಗೆ ಸಿದ್ಧಪಡಿಸಲೆಂದು ಓದಿದ ಬೇರೆ ಪಾದ್ರಿಗಳು, ದರ್ಶನ ಕಂಡೆ, ದನಿ ಕೇಳಿದೆ ಎಂಬಂಥ ಭಾಗಗಳನ್ನು ಕೈಬಿಡಬೇಕೆಂದು ಗುರುತು ಹಾಕಿದರು. (ಪಾದ್ರಿಗಳಿಗೂ ಮುಜುಗರವಾಗುತ್ತದೆ!) ಆ ಸಂಪುಟಗಳು ಆಗ ಅಚ್ಚಾಗಲೇ ಇಲ್ಲ. ಹಾಗಾಗಿ ಬೇಡವೆಂದ ಸಾಲುಗಳೂ ಬೇಡವೆಂದವರ ಗುರುತುಗಳೂ ಒಂದೇ ಹಾಳೆಯಲ್ಲಿ ಉಳಿದವು. ಪೂರ್ಣ ಪಾಠ ಮುದ್ರಣವಾಗಲು ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಯಿತು. ಲೇಖಕರು ಮುಂದಿನ ಕಂತಿನಲ್ಲಿ ಈ ಹೆಂಗಸರಿಗೂ ನಾಲ್ಕು ಸಾಲು ಕೊಡಲಿ.